ವರ್ಗದ ಹುಕುಮೂ ಹಿತ್ತಲ ಬೆಕ್ಕೂ

ನಮ್ಮಲ್ಲಿ ಸರ್ಕಾರಿ ನೌಕರರ ವರ್ಗಾವಣೆಯ ಕಾಲವೂ ಶಾಲೆಗಳು ಹೊಸದಾಗಿ ತೆರೆಯುವ ಕಾಲವೂ ಹೆಚ್ಚುಕಡಮೆ ಒಂದೇ ಆಗಿರುವುದರಿಂದ, ಮೇ ಜೂನ್ ತಿಂಗಳುಗಳಲ್ಲಿ ಮೈಸೂರು, ಶಿವಮೊಗ್ಗ, ಧಾರವಾಡಗಳಂಥ ಊರುಗಳ ಒಳಬೀದಿಗಳಲ್ಲಿ ಮನೆಸಾಮಾನು ತುಂಬಿದ ಲಾರಿ ನಿಂತಿರುವುದು ಅಪೂರ್ವ ದೃಶ್ಯವೇನೂ ಅಲ್ಲ. ಮನೆ ಖಾಲಿ ಮಾಡುವ ಗೃಹಸ್ಥನು ಆ ಹೊತ್ತಿಗೆ ಪ್ರತಿಯೊಂದು ವಸ್ತುವಿಗೂ ಒಂದೊಂದು ಗತಿಯನ್ನು ಕಾಣಿಸಿರುತ್ತಾನೆ: ತುಳಸಿಯ ಕುಂಡ ಲಾರಿಯನ್ನೇರಿದೆ, ಹಳೆಯ ಪತ್ರಿಕೆಗಳ ಕಟ್ಟು ರದ್ದಿಯವನ ತಕ್ಕಡಿಯನ್ನೇರಿದೆ, ಕಾಲು ಮುರಿದ ಮಂಚವನ್ನು ಕೆಲಸದಾಕೆ ಸಂತೋಷದಿಂದ ಒಯ್ದಿದ್ದಾಳೆ, ಮುಂಗಡದ ಹಣದಲ್ಲಿ ಸುಣ್ಣಬಣ್ಣಕ್ಕೆಂದು ಮುರಿದುಕೊಂಡು ಮಿಕ್ಕದ್ದನ್ನು ಮನೆಯೊಡೆಯರು ಎಣಿಸಿ ಕೊಟ್ಟಿದ್ದಾರೆ. ಹಿತ್ತಲ ಕಡೆಯ ಮೆಟ್ಟಿಲಿನ ಮೇಲೆ ಕುಳಿತು ಈ ಗಲಭೆಯನ್ನೆಲ್ಲ ಅಸಮಾಧಾನದಿಂದ ನೋಡುತ್ತಿರುವ ಬೆಕ್ಕಿನ ವಿಚಾರ ಮಾತ್ರ ಯಾವ ಪಟ್ಟಿಯಲ್ಲಿಯೂ ಸೇರಿರುವುದಿಲ್ಲ. ಅದರ ನೆನಪು ಬರುವುದು ಬಹುಮಟ್ಟಿಗೆ ಕೊನೆಯ ಸಾಯಂಕಾಲ, ಮಗುವೊಂದು ಕೇಳಿದಾಗ, ಆಗ ದೊಡ್ಡವರು ಕೊಡುವ ಉತ್ತರವೂ ಬಹುಮಟ್ಟಿಗೆ ಒಂದೇ: “ಅದು ಹೊರಗಿನ ಬೆಕ್ಕು ಕಣೋ, ಹೇಗಾದರೂ ಬದುಕಿಕೊಳ್ಳುತ್ತೆ.” ಆ ಉತ್ತರ ಎಷ್ಟರಮಟ್ಟಿಗೆ ನಿಜ, ಎಷ್ಟರಮಟ್ಟಿಗೆ ನಮ್ಮ ಅನುಕೂಲಕ್ಕಾಗಿ ಹುಟ್ಟಿದ್ದು ಎಂಬುದನ್ನು ಲಾರಿ ಬರುವುದಕ್ಕೆ ಒಂದೆರಡು ತಿಂಗಳು ಮುಂಚೆಯೇ ಯೋಚಿಸಿದರೆ ಬೆಕ್ಕಿಗೂ ಕ್ಷೇಮ, ಮನೆಯವರಿಗೂ ಕ್ಷೇಮ.

ಹೊರಗಿನ ಬೆಕ್ಕೆಂದರೆ ಅಂಗಡಿಯಿಂದ ಕೊಂಡು ತಂದದ್ದಲ್ಲ. ಯಾವುದೋ ಮಳೆಗಾಲದಲ್ಲಿ ಸೌದೆಯ ಕೊಟ್ಟಿಗೆಯಲ್ಲೋ ಮಹಡಿಯ ಮೆಟ್ಟಿಲ ಕೆಳಗೋ ಅದು ತಾನಾಗಿ ಕಾಣಿಸಿಕೊಂಡಿತು. ಇಲಿಯ ಕಾಟವಿದ್ದುದರಿಂದ ಯಾರೂ ಅದನ್ನು ಓಡಿಸಲಿಲ್ಲ. ಒಂದು ದಿನ ಯಾರೋ ತಟ್ಟೆಯಲ್ಲಿ ಹಾಲನ್ನವಿಟ್ಟರು, ಕೆಲವು ದಿನಗಳಲ್ಲಿ ಅದಕ್ಕೊಂದು ಹೆಸರೂ ಆಯಿತು. ಬಾಗಿಲು ತೆರೆದಾಗ ಒಳಗೆ ಬರುತ್ತದೆ, ಮನಸ್ಸಾದಾಗ ಹೊರಗೆ ಹೋಗುತ್ತದೆ, ರಾತ್ರಿಯ ಅದರ ವ್ಯವಹಾರಗಳನ್ನು ಯಾರೂ ವಿಚಾರಿಸುವುದಿಲ್ಲ. ಮನೆಯವರು ತಾವು ಅದನ್ನು ಸಾಕಿದ್ದೇವೆಂದು ಎದೆತಟ್ಟಿ ಹೇಳುವುದಿಲ್ಲ. ಸಾಕಿಲ್ಲವೆಂದು ಹೇಳುವುದಕ್ಕೆ ಅಡುಗೆಮನೆಯ ಮೂಲೆಯಲ್ಲಿರುವ ತಟ್ಟೆ ಅವಕಾಶ ಕೊಡುವುದಿಲ್ಲ. ಇಂಥ ಸಡಿಲವಾದ ಸಂಬಂಧ ನೆಲೆಯಾಗಿರುವಷ್ಟು ಕಾಲ ಅತ್ಯಂತ ಸುಖಕರವಾದದ್ದು. ಯಾರಾದರೊಬ್ಬರು ಹೊರಡುವ ದಿನ ಬಂದಾಗಲೇ ಹೊಣೆ ಯಾರದೆಂಬ ಪ್ರಶ್ನೆ ಏಳುತ್ತದೆ.

ಈ ಸಡಿಲ ಸಂಬಂಧಕ್ಕೆ ಬಹಳ ಹಳೆಯ ಇತಿಹಾಸವುಂಟು. ನಾಯಿ, ಹಸು, ಕುರಿಗಳನ್ನು ಮನುಷ್ಯನು ಪಳಗಿಸಿದನೆನ್ನಬಹುದಾದರೂ ಬೆಕ್ಕನ್ನು ಹಾಗೆ ಹೇಳುವುದು ಕಷ್ಟ. ಪಶ್ಚಿಮ ಏಷ್ಯಾ, ಉತ್ತರ ಆಫ್ರಿಕಗಳ ಕಾಡುಬೆಕ್ಕು, ವಿಜ್ಞಾನಿಗಳು ಫೆಲಿಸ್ ಲಿಬಿಕಾ ಎಂದು ಕರೆಯುವ ಜಾತಿ, ಮನುಷ್ಯನು ಧಾನ್ಯವನ್ನು ಕೂಡಿಡಲು ಕಲಿತ ಮೇಲೆ ಆ ಧಾನ್ಯಕ್ಕೆ ಬಂದ ಇಲಿಯನ್ನು ಹುಡುಕಿಕೊಂಡು ಬಂದು, ತನಗೆ ಲಾಭವಿರುವಷ್ಟು ಮಟ್ಟಿಗೆ ನಮ್ಮ ನೆರೆಯನ್ನು ಸಹಿಸಿಕೊಂಡಿತು. ಆದರೂ ಈ ಕಥೆಯಲ್ಲಿ ನಮ್ಮ ಪ್ರಕೃತ ವಿಷಯಕ್ಕೆ ನೇರವಾಗಿ ಸಂಬಂಧಿಸಿದ ಒಂದು ಸಂಗತಿ ಇದೆ. ಸೈಪ್ರಸ್ ದ್ವೀಪದ ಶಿಲ್ಲುರೊಕಾಂಬೋಸ್ ಎಂಬ ನವಶಿಲಾಯುಗದ ನೆಲೆಯಲ್ಲಿ ಫ್ರಾನ್ಸಿನ ಪುರಾತತ್ತ್ವಜ್ಞರು ಅಗೆದು ಕಂಡು, ೨೦೦೪ರಲ್ಲಿ ಲೋಕಕ್ಕೆ ತಿಳಿಸಿದ ಸಮಾಧಿಯೊಂದರಲ್ಲಿ, ಸುಮಾರು ೯,೫೦೦ ವರ್ಷಗಳ ಹಿಂದಿನ ಮನುಷ್ಯರೊಬ್ಬರ ಅಸ್ಥಿಪಂಜರವೂ, ಅದರಿಂದ ಒಂದು ಮೊಳದಷ್ಟು ದೂರದಲ್ಲಿ ಎಂಟು ತಿಂಗಳ ಪ್ರಾಯದ ಬೆಕ್ಕಿನ ಅಸ್ಥಿಪಂಜರವೂ ದೊರೆತುವು. ಆ ದ್ವೀಪದಲ್ಲಿ ಸಹಜವಾಗಿ ಬೆಕ್ಕುಗಳಿರಲಿಲ್ಲ. ಸಮುದ್ರವನ್ನು ಅವು ಈಜಿ ಬಂದಿರಲಾರವು. ಎಂದಮೇಲೆ ಅಲ್ಲಿಗೆ ವಲಸೆ ಹೋದವರು ಬೀಜಧಾನ್ಯ, ಆಡುಕುರಿಗಳ ಜೊತೆಗೆ ದೋಣಿಯಲ್ಲಿ ಬೆಕ್ಕನ್ನೂ ಹಾಕಿಕೊಂಡು ಹೋಗಿರಬೇಕು. ಮನುಷ್ಯನ ಸಹವಾಸದ ಬೆಕ್ಕಿನ ಅತಿ ಪ್ರಾಚೀನ ಸಾಕ್ಷ್ಯಗಳಲ್ಲೊಂದು, ಊರು ಬಿಡುವಾಗ ಜೊತೆಯಲ್ಲಿ ಕರೆದೊಯ್ದ ಬೆಕ್ಕಿನದು ಎಂಬುದನ್ನು ಲಾರಿಯಲ್ಲಿ ಜಾಗವಿಲ್ಲವೆನ್ನುವವರು ಗಮನಿಸಬೇಕು.

ನಮ್ಮ ಜನಪದದ ಭಾವನೆ ಈ ವಿಷಯದಲ್ಲಿ ವಿಚಿತ್ರವಾಗಿ ಇಬ್ಬಗೆಯಾದದ್ದು. ಮಂಡ್ಯ ಜಿಲ್ಲೆಯ ಬೆಕ್ಕಳಲೆಯಲ್ಲಿ ಬೆಕ್ಕು ಮಂಗಮ್ಮ ದೇವಿಯ ರೂಪವೆಂದು ಪೂಜೆಗೊಳ್ಳುತ್ತದೆ. ಬೇರೆ ಊರುಗಳಲ್ಲಿ ಅದು ಅಡ್ಡ ಬಂದರೆ ಹೊರಟವರು ನಿಂತು ನೀರು ಕುಡಿದು ಹೋಗುತ್ತಾರೆ. ಬೆಕ್ಕನ್ನು ಕೊಂದ ಪಾಪ ಘೋರವಾದದ್ದು, ಚಿನ್ನದ ಬೆಕ್ಕನ್ನು ಮಾಡಿಸಿ ಕಾಶಿಯಲ್ಲಿ ದಾನ ಕೊಡದ ಹೊರತು ತೀರದು ಎಂದು ಅಜ್ಜಿಯರು ಹೇಳುವುದನ್ನು ಕೇಳದ ಮನೆ ಕಡಿಮೆ. ಕೊಲ್ಲುವುದಕ್ಕೆ ಇಷ್ಟು ಹೆದರುವ ನಾವು, ಬೇಡವಾದ ಬೆಕ್ಕನ್ನು ಗೋಣಿಚೀಲದಲ್ಲಿ ಕಟ್ಟಿ ಹೊಳೆಯಾಚೆ ಬಿಟ್ಟು ಬರುವುದಕ್ಕೆ ಹಿಂದೆಮುಂದೆ ನೋಡುವುದಿಲ್ಲ. ಕೊಂದರೆ ಪಾಪ ನಮ್ಮದು. ಬಿಟ್ಟುಬಂದರೆ ಮುಂದಿನದು ಬೆಕ್ಕಿನ ಹಣೆಬರಹ ಎಂಬ ಲೆಕ್ಕಾಚಾರ ಇದರ ಹಿಂದಿದೆ. ಚಿತ್ರಗುಪ್ತನು ಈ ಲೆಕ್ಕವನ್ನು ಒಪ್ಪುವನೋ ಇಲ್ಲವೋ ನಾನರಿಯೆ. ಭಾರತದ ಶಾಸನವಂತೂ ಒಪ್ಪಿಲ್ಲ. ಪ್ರಾಣಿಗಳ ಮೇಲಿನ ಕ್ರೌರ್ಯವನ್ನು ತಡೆಯುವ ೧೯೬೦ರ ಕಾಯಿದೆ, ಭರತನಾಟ್ಯದ ರುಕ್ಮಿಣೀದೇವಿ ಅರುಂಡೇಲ್ ಅವರು ರಾಜ್ಯಸಭೆಯಲ್ಲಿ ಹಟಹಿಡಿದು ನಡೆಸಿದ ಪ್ರಯತ್ನದ ಫಲವೆಂದು ಪ್ರಸಿದ್ಧವಾದದ್ದು, ತನ್ನ ೧೧ನೆಯ ಪ್ರಕರಣದಲ್ಲಿ, ಹಸಿವು ಬಾಯಾರಿಕೆಗಳಿಂದ ನರಳುವ ಸಂಭವವಿರುವಂಥ ಸಂದರ್ಭದಲ್ಲಿ ಯುಕ್ತ ಕಾರಣವಿಲ್ಲದೆ ಪ್ರಾಣಿಯನ್ನು ತೊರೆಯುವುದನ್ನು ಅಪರಾಧವೆಂದೇ ಎಣಿಸಿದೆ. ಮೊದಲ ಅಪರಾಧಕ್ಕೆ ಗೊತ್ತುಮಾಡಿದ ದಂಡ ೧೦ರಿಂದ ೫೦ ರೂಪಾಯಿ. ಆ ಕಾಲಕ್ಕೆ ಅದು ಗಣನೀಯವಾದ ಮೊತ್ತವಾಗಿದ್ದಿತು. ಈಗ ಅಷ್ಟರಲ್ಲಿ ಇಬ್ಬರು ಕುಳಿತು ಕಾಫಿ ಕುಡಿಯುವುದೂ ಕಷ್ಟ.

ದಂಡದ ಮಾತು ಹಾಗಿರಲಿ. ಬಿಟ್ಟು ಬರುವವರಲ್ಲಿ ಹಲವರು ನಿರ್ದಯರಲ್ಲ. ಬೆಕ್ಕಿಗೆ ಒಳ್ಳೆಯ ಜಾಗವನ್ನೇ ಆರಿಸಿದ್ದೇವೆಂಬ ಸಮಾಧಾನ ಅವರಿಗಿರುತ್ತದೆ. ಮೀನಿನ ಮಾರುಕಟ್ಟೆ, ದೇವಸ್ಥಾನದ ಹಿಂಬದಿ, ಕಲ್ಯಾಣಮಂಟಪದ ಅಡುಗೆಯ ಅಂಗಳ, ಇವು ಇಂಥವರು ಹುಡುಕುವ ಸ್ಥಳಗಳು. ಮೇ ತಿಂಗಳಲ್ಲಿ ಕಲ್ಯಾಣಮಂಟಪದಲ್ಲಿ ಬಿಟ್ಟ ಬೆಕ್ಕಿಗೆ, ಇನ್ನು ಕೆಲವೇ ವಾರಗಳಲ್ಲಿ ಆಷಾಢ ಬರುತ್ತದೆಂದೂ ಆಗ ಒಲೆ ಹೊತ್ತುವುದಿಲ್ಲವೆಂದೂ ಯಾರು ಹೇಳಬೇಕು? ಆಹಾರವಿದ್ದೆಡೆಯಲ್ಲಿ ಮೊದಲೇ ನೆಲೆಸಿದ ಬೆಕ್ಕುಗಳೂ ನಾಯಿಗಳೂ ಇದ್ದೇ ಇರುತ್ತವೆ. ಹೊಸದಾಗಿ ಬಂದದ್ದನ್ನು ಅವು ಅತಿಥಿಯೆಂದು ಭಾವಿಸುವುದಿಲ್ಲ.

ಇದರ ಮರ್ಮವನ್ನು ತಿಳಿಯಬೇಕಾದರೆ ಬೆಕ್ಕಿನ ಪಾಲಿಗೆ ನೆಲೆಯೆಂದರೇನೆಂಬುದನ್ನು ತಿಳಿಯಬೇಕು. ಅದರ ಕೆನ್ನೆ, ಹಣೆ, ಗದ್ದ, ಬಾಲದ ಬುಡ, ಅಂಗಾಲುಗಳಲ್ಲಿ ಗಂಧಗ್ರಂಥಿಗಳಿವೆ. ಬಾಗಿಲ ಚೌಕಟ್ಟಿಗೂ ಕುರ್ಚಿಯ ಕಾಲಿಗೂ ನಮ್ಮ ಮೊಣಕಾಲಿಗೂ ಅದು ಮುಖವನ್ನುಜ್ಜುವುದು ಪ್ರೀತಿಯೆಂದು ನಾವು ತಿಳಿಯುತ್ತೇವೆ, ತಿಳಿದರೆ ತಪ್ಪೂ ಇಲ್ಲ. ಜೊತೆಜೊತೆಗೆ ಅದು, ಇದು ನನ್ನ ಎಲ್ಲೆ, ಇಲ್ಲಿ ಭಯವಿಲ್ಲ, ಎಂದು ಮನುಷ್ಯನ ಮೂಗಿಗೆ ನಿಲುಕದ ಅಕ್ಷರಗಳಲ್ಲಿ ಬರೆದಿಡುತ್ತಿರುತ್ತದೆ. ಕೊರಳಿಗೆ ಜಿ.ಪಿ.ಎಸ್. ಯಂತ್ರ ಕಟ್ಟಿ ಪರೀಕ್ಷಿಸಿದವರು, ಬಹುಪಾಲು ಸಾಕುಬೆಕ್ಕುಗಳು ತಮ್ಮ ಸಮಯವನ್ನು ಮನೆಯಿಂದ ನೂರು ಮೀಟರಿನೊಳಗೇ ಕಳೆಯುತ್ತವೆಂದು ಕಂಡಿದ್ದಾರೆ. ಇಡೀ ಬಡಾವಣೆಯ ದೊರೆಯಂತೆ ನಡೆಯುವ ನಮ್ಮ ಹಿತ್ತಲ ಬೆಕ್ಕಿನ ರಾಜ್ಯ ಆರೇಳು ಕಾಂಪೌಂಡುಗಳನ್ನು ಮೀರದು. ಆದರೆ ಆ ಆರೇಳು ಕಾಂಪೌಂಡುಗಳಲ್ಲಿ ಯಾವ ಗೋಡೆಯಿಂದ ಯಾವ ಮರಕ್ಕೆ ಹಾರಿದರೆ ನಾಯಿಯಿಂದ ತಪ್ಪಿಸಿಕೊಳ್ಳಬಹುದು, ಯಾವ ನಲ್ಲಿಯ ಕೆಳಗೆ ನೀರು ನಿಂತಿರುತ್ತದೆ, ಯಾವ ಮನೆಯಲ್ಲಿ ಎಷ್ಟು ಗಂಟೆಗೆ ಮೀನು ಕೊಯ್ಯುತ್ತಾರೆ ಎಂಬುದೆಲ್ಲ ಅದಕ್ಕೆ ಕರಗತ. ‘ಹೇಗಾದರೂ ಬದುಕಿಕೊಳ್ಳುತ್ತೆ’ ಎಂಬ ಮಾತಿನಲ್ಲಿ ಏನಾದರೂ ಸತ್ಯವಿದ್ದರೆ ಅದು ಈ ಎಲ್ಲೆಯೊಳಗಿನ ಸತ್ಯ. ಎಲ್ಲೆಯಿಂದ ಕಿತ್ತು ಅಪರಿಚಿತ ಸ್ಥಳದಲ್ಲಿ ಬಿಡುವುದೆಂದರೆ ಬೆಕ್ಕಿನಿಂದ ಮನೆಯನ್ನೂ ಮನುಷ್ಯರನ್ನೂ ಏಕಕಾಲದಲ್ಲಿ ಕಸಿದುಕೊಂಡಂತೆ. ಇರುವಲ್ಲಿಯೇ ಬಿಟ್ಟರೆ ಅದು ನಮ್ಮನ್ನು ಕಳೆದುಕೊಳ್ಳುತ್ತದೆ. ಜೊತೆಗೆ ಒಯ್ದರೆ ಎಲ್ಲೆಯನ್ನು ಕಳೆದುಕೊಳ್ಳುತ್ತದೆ. ಈ ಎರಡರಲ್ಲಿ ಒಂದನ್ನು ಆರಿಸುವುದು ನ್ಯಾಯವಾದ ಚಿಂತೆ. ಮೂರನೆಯದು ಆಯ್ಕೆಯ ಪಟ್ಟಿಯಲ್ಲಿ ಬರಲೇಕೂಡದು.

ಯಾವುದನ್ನು ಒಯ್ಯಬೇಕು, ಯಾವುದನ್ನು ಬಿಡಬಹುದು? ಈ ಪ್ರಶ್ನೆಗೆ ಬೆಕ್ಕಿನ ದಿನಚರಿಯೇ ಉತ್ತರ ಹೇಳುತ್ತದೆ. ಮಳೆ ಬಂದಾಗ ಅದು ಓಡಿ ಬರುವುದು ಯಾರ ಮನೆಗೆ? ಗಾಯವಾದಾಗ ಮಲಗುವುದೆಲ್ಲಿ? ಎತ್ತಿಕೊಂಡರೆ ಸುಮ್ಮನಿರುವುದು ಯಾರ ಕೈಯಲ್ಲಿ? ಇವಕ್ಕೆಲ್ಲ ನಿಮ್ಮ ಮನೆಯೊಂದೇ ಉತ್ತರವಾದರೆ, ಅದು ಹಗಲೆಲ್ಲ ಹೊರಗೆ ತಿರುಗಿದರೂ ನಿಮ್ಮ ಬೆಕ್ಕೇ, ಒಯ್ಯತಕ್ಕದ್ದು. ಮುದಿಯಾದದ್ದನ್ನೂ ರೋಗಿಯಾದದ್ದನ್ನೂ ಬಿಡುವ ಮಾತೇ ಇಲ್ಲ. ಬದಲಾಗಿ, ನಿಮ್ಮಲ್ಲಿ ಬೆಳಗಿನ ಊಟ, ಎದುರುಮನೆಯಲ್ಲಿ ಸಂಜೆಯ ಊಟ, ಮೂಲೆಮನೆಯ ಷೆಡ್ಡಿನಲ್ಲಿ ನಿದ್ರೆ ಎಂದು ವ್ಯವಸ್ಥೆ ಮಾಡಿಕೊಂಡು, ಮುಟ್ಟಹೋದರೆ ದೂರ ಸರಿಯುವ ಬೆಕ್ಕಾದರೆ, ಅದು ಬೀದಿಗೆ ಸೇರಿದ್ದು. ಅದನ್ನು ಹಿಡಿದು ಮೂರನೆಯ ಮಹಡಿಯ ಫ್ಲ್ಯಾಟಿನಲ್ಲಿ ಕೂಡಿಹಾಕುವುದು ಅದರ ಮೇಲಿನ ಪ್ರೀತಿಗಿಂತ ನಮ್ಮ ಮೇಲಿನ ಪ್ರೀತಿಯನ್ನೇ ಹೆಚ್ಚಾಗಿ ತೋರಿಸುತ್ತದೆ.

ಒಯ್ಯುವುದೆಂದು ನಿಶ್ಚಯಿಸಿದವರನ್ನು ಹೆದರಿಸುವ ನಂಬಿಕೆಯೊಂದಿದೆ: ನಾಯಿ ಯಜಮಾನನನ್ನು ನೆಚ್ಚುತ್ತದೆ, ಬೆಕ್ಕು ಮನೆಯನ್ನು ನೆಚ್ಚುತ್ತದೆ, ಒಯ್ದರೂ ನಿಲ್ಲದು. ಅರ್ಧ ನಿಜ. ಅದೇ ಬೆಕ್ಕು ಬಾಣಂತಿಯಾದಾಗ ಮರಿಗಳನ್ನು ಏಳು ಮನೆ ತಿರುಗಿಸುತ್ತದೆಂದು ಹೇಳುವವರೂ ನಾವೇ ಅಲ್ಲವೆ? ನೆಲೆ ಬದಲಾಯಿಸುವುದು ಅದರ ಸ್ವಭಾವಕ್ಕೆ ಮೀರಿದ್ದಲ್ಲ. ಹೊಸ ನೆಲೆಯ ಗಂಧ ತನ್ನದಾಗುವವರೆಗೆ ಕಾಲಾವಕಾಶ ಬೇಕು, ಅಷ್ಟೆ. ಎರಡು ಮೂರು ವಾರ ಹೊರಗೆ ಬಿಡದೆ ಒಳಗಿರಿಸಿಕೊಂಡರೆ ಸಾಮಾನ್ಯವಾಗಿ ಅದು ಒಗ್ಗುತ್ತದೆಂಬುದು ಬಲ್ಲವರ ಅನುಭವ.

ಸಿದ್ಧತೆ ಮಾತ್ರ ಹಳೆಯ ಮನೆಯಲ್ಲಿಯೇ ಮೊದಲಾಗಬೇಕು. ಮುಚ್ಚಳವುಳ್ಳ ಗಟ್ಟಿ ಬುಟ್ಟಿಯನ್ನೋ ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್ ಪಂಜರವನ್ನೋ ತಂದು, ಅದು ಮಲಗುವ ಹಳೆಯ ಬಟ್ಟೆಯನ್ನು ಹಾಸಿ, ಬಾಗಿಲು ತೆರೆದು ಹಜಾರದಲ್ಲಿಟ್ಟು, ಕೆಲವು ವಾರ ಊಟವನ್ನು ಅದರೊಳಗೇ ಕೊಡುತ್ತಿದ್ದರೆ, ಹೊರಡುವ ದಿನ ಕೈಮೈ ಪರಚಿಸಿಕೊಳ್ಳುವುದು ತಪ್ಪುತ್ತದೆ. ಶ್ರೀವೈಷ್ಣವ ಆಚಾರ್ಯರಲ್ಲಿ ತೆಂಕಲೆಯವರು ಶರಣಾಗತಿಯನ್ನು ಮಾರ್ಜಾಲಕಿಶೋರ ನ್ಯಾಯದಿಂದ ವಿವರಿಸುವರಷ್ಟೆ: ಮರಿಯು ಯಾವ ಪ್ರಯತ್ನವನ್ನೂ ಮಾಡದು, ತಾಯಿಯೇ ಕತ್ತಿನ ಚರ್ಮವನ್ನು ಕಚ್ಚಿ ಒಯ್ಯುತ್ತದೆ. ಈ ನ್ಯಾಯ ಮರಿಗೆ ಸಲ್ಲುವುದೇ ಹೊರತು ಮೂರು ನಾಲ್ಕು ಕಿಲೋ ತೂಗುವ ಪ್ರೌಢ ಬೆಕ್ಕಿಗೆ ಸಲ್ಲದು. ಅದನ್ನು ಕತ್ತು ಹಿಡಿದೆತ್ತಿದರೆ ನೋವಾಗುತ್ತದೆ, ಶರಣಾಗತಿಯ ಲಕ್ಷಣವೂ ಕಾಣುವುದಿಲ್ಲ. ಸಾಮಾನು ಎತ್ತುವ ಆಳುಗಳು ಬರುವ ಮೊದಲೇ ಅದನ್ನು ಬಚ್ಚಲಮನೆಯಲ್ಲೋ ಬರಿದಾದ ಕೋಣೆಯಲ್ಲೋ ಕೂಡಿಡಬೇಕು. ಬೀರು ಎಳೆಯುವ ಸದ್ದಿಗೆ ಬೆದರಿ ಓಡಿದ ಬೆಕ್ಕು ಲಾರಿ ಹೊರಡುವ ಹೊತ್ತಿಗೆ ಹಿಂದಿರುಗುವುದು ಕಡಿಮೆ. ಪ್ರಯಾಣಕ್ಕೆ ಮುಂಚೆ ಹೊಟ್ಟೆತುಂಬ ಉಣಿಸಬಾರದು. ಕಾರಿನಲ್ಲಿ ಎಷ್ಟು ಗೋಳಾಡಿದರೂ ಬುಟ್ಟಿಯ ಮುಚ್ಚಳ ತೆಗೆಯಬಾರದು.

ಹೊಸ ಮನೆಯಲ್ಲಿ ನಾವು ಮೊದಲು ಮಾಡುವುದು ಫಿನಾಯಿಲ್ ಹಾಕಿ ನೆಲ ತೊಳೆಯುವುದು, ಆಮೇಲೆ ಹಾಲು ಉಕ್ಕಿಸುವುದು. ಎರಡನೆಯದಕ್ಕೆ ಬೆಕ್ಕಿನ ಆಕ್ಷೇಪಣೆ ಇರದು. ಮೊದಲನೆಯದು ಅಪಾಯಕರ. ಫಿನಾಲ್ ಜಾತಿಯ ರಾಸಾಯನಿಕಗಳನ್ನು ನಿರ್ವಿಷಗೊಳಿಸುವ ಶಕ್ತಿ ಬೆಕ್ಕಿನ ಯಕೃತ್ತಿನಲ್ಲಿ ಬಹಳ ಕಡಿಮೆ. ಒದ್ದೆ ನೆಲದ ಮೇಲೆ ನಡೆದು ಅಂಗಾಲು ನೆಕ್ಕಿಕೊಂಡರೆ ವಿಷ ಒಳಗೆ ಸೇರುತ್ತದೆ. ಬಿಸಿನೀರು, ಸೋಪು ಸಾಕು. ಮೊದಲ ಕೆಲವು ದಿನ ಒಂದೇ ಕೋಣೆಯನ್ನು ಅದಕ್ಕೆ ಬಿಟ್ಟುಕೊಟ್ಟು, ಒಗೆಯದ ಹಳೆಯ ಬಟ್ಟೆ, ನೀರು, ಊಟ, ಮಲವಿಸರ್ಜನೆಗೆ ಮರಳು ತುಂಬಿದ ಅಗಲವಾದ ಬೋಗುಣಿ ಇವಿಷ್ಟನ್ನಿಟ್ಟು, ಮಂಚದ ಕೆಳಗೆ ಅವಿತಿದ್ದರೆ ಎಳೆಯದೆ, ತಾನಾಗಿ ಬರುವವರೆಗೆ ಕಾಯುವುದು ಉತ್ತಮ. ನೆಲ ಅಂತಸ್ತಿನ ಮನೆಯಾದರೆ ಮೂರು ವಾರಗಳ ತರುವಾಯ ಒಂದು ಸಂಜೆ, ಊಟಕ್ಕೆ ಸ್ವಲ್ಪ ಮುಂಚೆ, ಹಸಿದಿರುವಾಗ ಬಾಗಿಲು ತೆರೆಯಬಹುದು. ಎತ್ತರದ ಮಹಡಿಯಾದರೆ ಬಾಲ್ಕನಿಗೆ ಬಲೆ ಕಟ್ಟಿಸದೆ ತೆರೆಯಲಾಗದು. ನ್ಯೂಯಾರ್ಕಿನ ಪಶುವೈದ್ಯರಿಬ್ಬರು ೧೯೮೭ರಲ್ಲಿ, ಎತ್ತರದ ಕಟ್ಟಡಗಳಿಂದ ಬಿದ್ದು ಚಿಕಿತ್ಸೆಗೆ ಬಂದ ೧೩೨ ಬೆಕ್ಕುಗಳ ವೃತ್ತಾಂತವನ್ನು ಪ್ರಕಟಿಸಿ, ಚಿಕಿತ್ಸೆ ಪಡೆದವುಗಳಲ್ಲಿ ನೂರಕ್ಕೆ ತೊಂಬತ್ತು ಬದುಕಿದುವೆಂದು ಹೇಳಿದರು. ಬೆಕ್ಕು ಎಲ್ಲಿಂದ ಬಿದ್ದರೂ ಕಾಲೂರಿ ನಿಲ್ಲುತ್ತದೆಂಬ ಮಾತಿಗೆ ಇದನ್ನು ಆಧಾರವಾಗಿ ತೋರಿಸುವವರು, ಆಸ್ಪತ್ರೆಯವರೆಗೆ ಬಾರದೆ ಸತ್ತವು ಆ ಲೆಕ್ಕದಲ್ಲಿಲ್ಲವೆಂಬುದನ್ನು ಮರೆಯುತ್ತಾರೆ.

ಇನ್ನೊಂದು ಸೂಕ್ಷ್ಮ ನಮ್ಮ ಸಸ್ಯಾಹಾರಿ ಮನೆಗಳಿಗೆ ವಿಶೇಷವಾಗಿ ಸಂಬಂಧಿಸಿದ್ದು. ಹಿತ್ತಲ ಬೆಕ್ಕು ಹಾಲನ್ನ, ಮೊಸರನ್ನಗಳನ್ನುಂಡು ವರ್ಷಾನುಗಟ್ಟಲೆ ಪುಷ್ಟವಾಗಿದ್ದುದನ್ನು ನೋಡಿ, ಅದಕ್ಕೆ ಅಷ್ಟೇ ಸಾಕೆಂದು ನಾವು ಭಾವಿಸಿರುತ್ತೇವೆ. ವಾಸ್ತವವಾಗಿ ಅದು ನಮ್ಮ ತಟ್ಟೆಯ ಕೊರತೆಯನ್ನು ಇಲಿ, ಹಲ್ಲಿ, ಓತಿಕೇತಗಳಿಂದ ರಾತ್ರಿಯಲ್ಲಿ ತುಂಬಿಸಿಕೊಳ್ಳುತ್ತಿದ್ದಿತು. ಮಾಂಸದಲ್ಲಿ ಮಾತ್ರ ಸಾಕಷ್ಟಿರುವ ಟಾರಿನ್ ಎಂಬ ಪದಾರ್ಥವನ್ನು ಬೆಕ್ಕಿನ ದೇಹ ತನಗೆ ಬೇಕಾದಷ್ಟು ತಯಾರಿಸಿಕೊಳ್ಳಲಾರದು. ಅದರ ಅಭಾವದಿಂದ ಕಣ್ಣಿನ ಅಕ್ಷಿಪಟ ನಶಿಸುವುದೆಂದು ೧೯೭೦ರ ದಶಕದಲ್ಲಿಯೂ, ಹೃದಯದ ಸ್ನಾಯು ಸಡಿಲವಾಗುವುದೆಂದು ೧೯೮೭ರಲ್ಲಿಯೂ ಅಮೆರಿಕದ ಸಂಶೋಧಕರು ತೋರಿಸಿಕೊಟ್ಟರು. ಹಿತ್ತಲನ್ನು ಕಳೆದುಕೊಂಡು ಫ್ಲ್ಯಾಟಿಗೆ ಬಂದ ಬೆಕ್ಕಿಗೆ ಇಲಿಯೂ ಇಲ್ಲ, ಓತಿಯೂ ಇಲ್ಲ, ತಟ್ಟೆಯೇ ಸರ್ವಸ್ವ. ಮನೆಯೊಳಗೆ ಮೀನುಮೊಟ್ಟೆ ತರಲು ಮನಸ್ಸೊಪ್ಪದವರು ಅಂಗಡಿಯಲ್ಲಿ ಸಿಗುವ ಬೆಕ್ಕಿನ ಆಹಾರವನ್ನಾದರೂ ತರಲು ಸಿದ್ಧರಿರಬೇಕು. ಅದೂ ಆಗದೆಂದರೆ ಒಯ್ಯುವ ನಿಶ್ಚಯವನ್ನೇ ಪುನಃ ಪರಿಶೀಲಿಸುವುದು ಲೇಸು. ಮಡಿಗೂ ಮಾರ್ಜಾಲದ ಕರುಳಿಗೂ ರಾಜಿ ಮಾಡಿಸುವ ಉಪಾಯ ನನಗೆ ತೋರಿಲ್ಲ.

ಇನ್ನು, ಬಿಟ್ಟು ಹೋಗುವುದೇ ಯುಕ್ತವೆಂದು ತೋರಿದ ಬೀದಿಯ ಬೆಕ್ಕಿನ ವಿಷಯ. ಬಿಡುವುದಕ್ಕೂ ತೊರೆಯುವುದಕ್ಕೂ ಇರುವ ಅಂತರವನ್ನು ನಿರ್ಣಯಿಸುವವರು ನೆರೆಯವರು. ಅದಕ್ಕೆ ಮುಂದೆ ಯಾರು ಊಟವಿಡುವರೆಂಬುದನ್ನು ಸುಮ್ಮನೆ ಊಹಿಸದೆ, ಎದುರುಮನೆಯವರ ಬಾಯಿಂದಲೇ ಒಪ್ಪಿಗೆ ಪಡೆಯಬೇಕು. ಹೊಸದಾಗಿ ಬರುವ ಬಾಡಿಗೆದಾರರನ್ನು ನಂಬಿಕೊಳ್ಳುವುದು ಸಲ್ಲದು, ಅವರು ನಾಯಿಯನ್ನು ಕರೆತರಬಹುದು. ಒಪ್ಪಿದವರು ಸಿಕ್ಕ ಮೇಲೆ ತಟ್ಟೆಯನ್ನು ದಿನಕ್ಕಷ್ಟು ದಿನಕ್ಕಷ್ಟು ಅವರ ಬಾಗಿಲ ಕಡೆಗೆ ಸರಿಸುತ್ತ ಹೋಗಿ, ಕೊನೆಯ ವಾರದಲ್ಲಿ ಅವರ ಕೈಯಿಂದಲೇ ಹಾಕಿಸಿದರೆ, ನೀವು ಹೊರಟ ಮಾರನೆಯ ಬೆಳಿಗ್ಗೆ ಅದು ಬೀಗ ಹಾಕಿದ ಬಾಗಿಲಿನ ಮುಂದೆ ಉಪವಾಸ ಕೂರುವ ಸಂಭವ ಕಡಿಮೆ. ಹೆಣ್ಣಾದರೆ ಹೊರಡುವ ಮೊದಲೇ ಸಂತಾನಹರಣ ಚಿಕಿತ್ಸೆ ಮಾಡಿಸತಕ್ಕದ್ದು. ಬೆಕ್ಕು ಆರು ತಿಂಗಳು ತುಂಬುವ ಮೊದಲೇ ಗರ್ಭ ಧರಿಸಬಲ್ಲದು, ಒಂಬತ್ತು ವಾರಕ್ಕೆ ಮರಿ ಹಾಕುತ್ತದೆ, ಆ ಮರಿಗಳು ಹಾಲು ಕುಡಿಯುತ್ತಿರುವಾಗಲೇ ಮತ್ತೆ ಗರ್ಭವಾಗಬಹುದು; ಒಂದು ಬೆಕ್ಕಿಗೆ ಅನ್ನವಿಡಲು ಒಪ್ಪಿದ ಸಜ್ಜನರು ವರ್ಷ ಕಳೆಯುವುದರೊಳಗೆ ಎಂಟು ಬೆಕ್ಕುಗಳ ಒಡೆಯರಾದರೆ, ಅವರ ಸೌಜನ್ಯಕ್ಕೆ ನಾವು ಮಾಡಿದ ಉಪಕಾರ ಅದೆಂದು ಹೇಳಲಾಗದು. ರೇಬೀಸ್ ಲಸಿಕೆಯನ್ನೂ ಅದೇ ಬಾರಿ ಹಾಕಿಸಿದರೆ ನೆರೆಯವರ ಮಕ್ಕಳಿಗೂ ರಕ್ಷೆ. ತಿಂಗಳಿಗಿಷ್ಟೆಂದು ಅದರ ಆಹಾರದ ಖರ್ಚನ್ನು ಕಳುಹಿಸುವುದಾಗಿ ಹೇಳುವುದರಲ್ಲಿ ಸಂಕೋಚವೇನೂ ಬೇಡ. ನೆರೆಯವರು ಬೇಡವೆಂದರೂ ಹೇಳಿದ್ದು ವ್ಯರ್ಥವಾಗದು.

ಕೊನೆಗೆ, ಹತ್ತಿರದ ಬಡಾವಣೆಗೇ ಮನೆ ಬದಲಾಯಿಸುವವರಿಗೆ ಒಂದು ಮಾತು. ಮೈಸೂರಿನಿಂದ ಕಲಬುರ್ಗಿಗೆ ಹೋದ ಬೆಕ್ಕು ಹಿಂದಿರುಗಿ ಬರಲಾರದು. ಸರಸ್ವತೀಪುರದಿಂದ ಕುವೆಂಪುನಗರಕ್ಕೆ ಹೋದದ್ದು ಬಂದೇ ಬರಲು ಯತ್ನಿಸುತ್ತದೆ. ಅಮೆರಿಕದ ಪ್ರಾಣಿಶಾಸ್ತ್ರಜ್ಞ ಫ್ರಾನ್ಸಿಸ್ ಹೆರಿಕ್ ೧೯೨೨ರಲ್ಲಿಯೇ, ಹೊರಗೆ ಕಾಣದಂತೆ ಮುಚ್ಚಿ ಕೆಲವು ಮೈಲಿ ದೂರ ಒಯ್ದ ಬೆಕ್ಕು ಮನೆಗೆ ಮರಳಿ ಬಂದದ್ದನ್ನು ವರದಿಮಾಡಿದ್ದನು; ಹೊಳೆಯಾಚೆ ಬಿಟ್ಟ ಬೆಕ್ಕು ಹಿತ್ತಲಲ್ಲಿ ಹಾಜರಾದ ಕಥೆಗಳು ನಮ್ಮ ಹಳ್ಳಿಗಳಲ್ಲಿಯೂ ಬೇಕಾದಷ್ಟಿವೆ. ನಡುವೆ ಬಸ್ಸು ಲಾರಿಗಳ ರಸ್ತೆಯಿದ್ದರೆ ಈ ನಿಷ್ಠೆಯೇ ಅದರ ಪ್ರಾಣಕ್ಕೆ ಎರವಾಗುತ್ತದೆ. ಆದಕಾರಣ ಸಮೀಪದ ವಲಸೆಯಲ್ಲಿ ಮೂರು ವಾರದ ಅಜ್ಞಾತವಾಸವನ್ನು ಆರು ವಾರಕ್ಕೆ ಏರಿಸುವುದು ಮೇಲು. ಹಳೆಯ ನೆರೆಯವರಲ್ಲಿ ನಿಮ್ಮ ಫೋನ್ ನಂಬರು ಇರಲಿ. ಬೆಕ್ಕು ಕಂಡರೆ ಊಟವಿಡದೆ, ಮೊದಲು ನಿಮಗೆ ತಿಳಿಸುವಂತೆ ಹೇಳಿ. ಅಲ್ಲಿ ಒಂದು ಹೊತ್ತಿನ ಮೀನು ಸಿಕ್ಕಿದರೂ ಹೊಸ ಮನೆಯ ಪಾಠವೆಲ್ಲ ಮರೆತುಹೋಗುತ್ತದೆ. ಕರೆತಂದು ಮತ್ತೆ ಕೂಡಿಟ್ಟು, ಎರಡನೆಯ ಬಾರಿಯೂ ಮೂರನೆಯ ಬಾರಿಯೂ ಅದು ಅಲ್ಲಿಗೇ ಹೋದರೆ, ವಾದವನ್ನು ಅಲ್ಲಿಗೆ ನಿಲ್ಲಿಸಿ, ಎದುರುಮನೆಯವರೊಡನೆ ತಟ್ಟೆಯ ಮಾತನ್ನು ತೆಗೆಯುವುದೇ ಸರಿ.